ಒಂದು ಕಂಪ್ಯೂಟರಿನ ಮೂರು ಪಾಲು

ನಾನು ಓದಿದ್ದು ಐದನೆಯ ಇಯತ್ತೆಯವರೆಗೆ. ಆರನೆಯದಕ್ಕೆ ಹೋಗಲಿ ಎಂದು ಅಪ್ಪ ಹೊಸ ಅಂಗಿ ಹೊಲಿಸಿದ್ದ. ಆ ಅಂಗಿ ತೊಟ್ಟು ನಾನು ಹೋದದ್ದು ಮೋಟಾರು ಕಟ್ಟುವ ಅಂಗಡಿಗೆ. ಅಲ್ಲಿಂದ ಇಲ್ಲಿಯವರೆಗೆ ಅಫಜಲಪುರ ತಾಲೂಕಿನಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಲ್ಲಿ ಅರ್ಧದಷ್ಟು ನನ್ನ ಕೈಯಲ್ಲೇ ಮರುಜನ್ಮ ಪಡೆದಿವೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೆ ಹೇಳುವುದಾಗಿದ್ದರೆ ಮುಕ್ಕಾಲು ಎನ್ನುತ್ತಿದ್ದೆ.

ತಂತಿ, ಕರೆಂಟು ಎಂದರೆ ನನಗೆ ಹೆದರಿಕೆಯಿಲ್ಲ. ಮೂರು ಫೇಸ್ ಬೇಡುವ ಮೋಟಾರನ್ನು, ಎರಡು ಫೇಸ್ ಕೈಕೊಟ್ಟ ದಿನ, ಕಂಡೆನ್ಸರ್ ಕೂಡಿಸಿ ಒಂದೇ ಫೇಸಿನ ಮೇಲೆ ಓಡಿಸಿದವನು ನಾನು. ಒಂದನ್ನು ಮೂರು ಮಾಡುವುದು ನನ್ನ ಧಂದೆ. ಹೀಗಿರುವಾಗ ಒಂದು ಕಂಪ್ಯೂಟರನ್ನು ಮೂರು ಮಾಡುವ ಕೆಲಸ ಎದುರು ಬಂದರೆ ನಾನು ಅಂಜಬೇಕಿತ್ತೇ? ಅಂಜಬೇಕಿತ್ತು. ಅದು ಗೊತ್ತಾದದ್ದು ಮಾತ್ರ ಆಮೇಲೆ.

ನಮ್ಮದು ಒಂದು ಸಣ್ಣ ಸಂಘ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕುಗಳ ಮುದುಕ ಮುದುಕಿಯರ ಕಣ್ಣಿನ ಪೊರೆ ತೆಗೆಸುವುದು ಅದರ ಕೆಲಸ. ನಿವೃತ್ತರಾದ ವೀರಭದ್ರಪ್ಪ ಮಾಸ್ತರರು ಅಧ್ಯಕ್ಷರು, ನಾನು ಕಾರ್ಯದರ್ಶಿ, ಅಫಜಲಪುರದ ನನ್ನ ಅಂಗಡಿಯ ಹಿಂದಿನ ಕೋಣೆಯೇ ಕಚೇರಿ. ಪ್ರತಿ ಚಳಿಗಾಲದಲ್ಲೂ ಹೊರಗಿನಿಂದ ಡಾಕ್ಟರರ ತಂಡ ಬರುತ್ತಿತ್ತು. ಮೊದಲು ಒಮ್ಮೆ ಬಂದು ಒಂದೊಂದು ತಾಲೂಕಿನಲ್ಲೂ ಎಲ್ಲರ ಕಣ್ಣು ನೋಡಿ ಆರಿಸಿ ಹೋಗುವರು; ಆ ದಿನ ಬಂದವರಿಗೆಲ್ಲ ಸಂಘದ ಊಟ. ತಿಂಗಳ ಮೇಲೆ ಮತ್ತೆ ಬಂದು ಆಪರೇಷನ್ ಮಾಡುವರು. ಅವರದು ಒಂದೇ ಷರತ್ತು. ಯಾರು, ಯಾವ ಊರು, ಎಡಗಣ್ಣೋ ಬಲಗಣ್ಣೋ, ಸಕ್ಕರೆ ಕಾಯಿಲೆ ಉಂಟೋ ಇಲ್ಲವೋ, ಎಲ್ಲವೂ ಪಟ್ಟಿಯಲ್ಲಿರಬೇಕು. ಪಟ್ಟಿಯಲ್ಲಿದ್ದವರು ಆ ದಿನ ಹಾಜರಿರಬೇಕು. ಪಟ್ಟಿ ಇಲ್ಲದಿದ್ದರೆ ಅವರ ಗಾಡಿ ಬೇರೆ ತಾಲೂಕಿಗೆ. ನಮ್ಮ ಮುದುಕರಿಗೆ ಮತ್ತೊಂದು ವರ್ಷ ಕತ್ತಲೆ.

ಆ ವರ್ಷ ಗುಲ್ಬರ್ಗಾದ ಒಂದು ಕಚೇರಿಯವರು ತಮಗೆ ಹಳೆಯದಾದ ಕಂಪ್ಯೂಟರನ್ನು ನಮಗೆ ದಾನ ಕೊಟ್ಟರು. ಒಂದು ದೊಡ್ಡ ಪೆಟ್ಟಿಗೆ, ಮೂರು ಪರದೆ, ಮೂರು ಕೀಲಿಮಣೆ. ಅಚ್ಚು ಹಾಕುವ ಯಂತ್ರ ಮಾತ್ರ ದಾನದಲ್ಲಿ ಬರಲಿಲ್ಲ. ಪಟ್ಟಿಯನ್ನು ಕೊನೆಗೆ ಗುಲ್ಬರ್ಗಾಕ್ಕೆ ಒಯ್ದು ಕಾಗದದ ಮೇಲೆ ತೆಗೆಸುವುದೆಂದು ಮಾತಾಗಿತ್ತು. ಮಾಸ್ತರರ ಸೊಸೆ ಟೈಪಿಂಗ್ ಕಲಿತವಳು. ಮೂರು ತಾಲೂಕಿನ ಹೆಸರು ಬರೆದಿಟ್ಟ ವಹಿಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಹೆಸರನ್ನು ಪೆಟ್ಟಿಗೆಯೊಳಗೆ ಇಳಿಸತೊಡಗಿದಳು.

ಅವಳು ಇಳಿಸುತ್ತಿರುವಾಗಲೇ ಜಗಳ ಎದ್ದಿತು. ಆಳಂದದ ಪ್ರತಿನಿಧಿ ಮಲ್ಲಣ್ಣ ಸಾಹುಕಾರ, ತೊಗರಿ ವ್ಯಾಪಾರಿ. ತಮ್ಮ ಮಾಲು ಇನ್ನೊಬ್ಬರ ಗೋದಾಮಿನಲ್ಲಿರುವುದು ಅವರಿಗೆ ಆಗದು. ಆಳಂದದವರ ಹೆಸರು ಅಫಜಲಪುರದ ಪೆಟ್ಟಿಗೆಯಲ್ಲಿ, ಅದೂ ಅಫಜಲಪುರದವರ ಹೆಸರಿನ ಜೊತೆ ಕಲೆತು ಯಾಕಿರಬೇಕು ಎಂದರು. ಜೇವರ್ಗಿಯ ರುದ್ರಗೌಡರು ಹೊಲ ಮನೆ ಇದ್ದವರು. ಹಾಗಿದ್ದರೆ ಜೇವರ್ಗಿಗೂ ಒಂದು ಬೇರೆ ಕಂಪ್ಯೂಟರ್ ಬೇಕು ಎಂದರು. ಮೂರು ಕಂಪ್ಯೂಟರ್ ಕೊಳ್ಳಲು ನಮ್ಮ ಸಂಘವೇನು ಸಕ್ಕರೆ ಕಾರ್ಖಾನೆಯೇ?

ಆಗ ಮಾಸ್ತರರು ಎಲ್ಲಿಂದಲೋ ಒಂದು ಸುದ್ದಿ ತಂದರು. ಒಂದೇ ಕಂಪ್ಯೂಟರನ್ನು ಒಳಗೊಳಗೇ ಮೂರು ಮಾಡುವ ಸಾಫ್ಟ್‌ವೇರ್ ಇದೆಯಂತೆ. ಪೆಟ್ಟಿಗೆ ಒಂದೇ, ಮೂರು ಪರದೆಯ ಮುಂದೆ ಕೂತ ಮೂವರಿಗೂ ಅದು ತಮ್ಮದೇ ಎನ್ನಿಸುವುದಂತೆ. ಒಬ್ಬರ ಪಾಲಿನಲ್ಲಿ ಏನಿದೆ ಎಂದು ಇನ್ನೊಬ್ಬರಿಗೆ ಗೊತ್ತಾಗದಂತೆ. ನಾನು ಬೆರಗಾದೆ. ಎಂಥೆಂಥ ಮನೆಗಳಲ್ಲಿ ಅಣ್ಣತಮ್ಮಂದಿರು ಹೊಡೆದಾಡುವುದನ್ನು ನೋಡಿದವನು ನಾನು. ಒಂದೇ ಸೂರಿನ ಕೆಳಗೆ ಇಷ್ಟು ಶಾಂತವಾದ ಸಂಸಾರ ಉಂಟೆಂದು ಕೇಳಿದ್ದು ಅದೇ ಮೊದಲು!

ಅಗ್ಗದ್ದನ್ನು ನೋಡಿ ಆರಿಸಿ ತರುವ ಜವಾಬ್ದಾರಿ ಸರ್ವಾನುಮತದಿಂದ ನನ್ನ ಮೇಲೆ ಬಿತ್ತು. ಸರ್ವಾನುಮತ ಎಂದರೆ, ನಾನೇ ಕೇಳಿಕೊಂಡೆ.

ಮೊದಲು ಹೈದರಾಬಾದಿಗೆ ಹೋದೆ. ತಣ್ಣನೆಯ ಕೋಣೆ, ಟೈ ಕಟ್ಟಿದ ಮೂವರು, ಕಾಲು ಹೂತುಹೋಗುವ ಜಮಖಾನೆ. ಬೆಲೆ ಹೇಳಿದರು. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಆ ಬೆಲೆಯಲ್ಲಿ ಪೆಟ್ಟಿಗೆಯೂ ಬರುತ್ತದೆಯೇ ಎಂದು ಕೇಳಿದೆ. ಇಲ್ಲವಂತೆ. ಪರದೆ? ಇಲ್ಲ. ಹಾಗಾದರೆ ಏನು ಬರುತ್ತದೆ? ಬಳಸಲು ಅನುಮತಿ ಬರುತ್ತದಂತೆ. ಅದೂ ಒಂದು ವರ್ಷಕ್ಕೆ, ತಲೆಗೆ ಇಷ್ಟರಂತೆ! ಅಷ್ಟು ಹಣದಲ್ಲಿ ನಮ್ಮ ತಾಲೂಕಿನ ಅಷ್ಟೂ ಮುದುಕರಿಗೆ ಎರಡೂ ಕಣ್ಣು ಮಾಡಿಸಿ, ಮೂರನೆಯದಿದ್ದರೆ ಅದಕ್ಕೂ ಕನ್ನಡಕ ಕೊಡಿಸಬಹುದಿತ್ತು. ಅವರು ಕೊಟ್ಟ ಚಹಾ ಕುಡಿಯಲೂ ಭಯವಾಯಿತು. ಅದಕ್ಕೂ ಅನುಮತಿ ಇದ್ದೀತು.

ಗುಲ್ಬರ್ಗಾದಲ್ಲಿ ಒಬ್ಬ ಓಣಿಯೊಳಗಿನ ಮನುಷ್ಯ ಸಿಕ್ಕ. ಅದೇ ಹೈದರಾಬಾದಿನ ಮಾಲನ್ನು ಒಂದು ಚಹಾ, ಒಂದು ಪ್ಲೇಟು ಚುರುಮುರಿ ಸೂಸಲಾದ ಮೇಲೆ ನಕಲು ಮಾಡಿ ಕೊಡುತ್ತೇನೆಂದ. ನನಗೆ ಪರಮಾನಂದವಾಯಿತು. ಮಾಸ್ತರರಿಗೆ ಹೇಳಿದರೆ ಅವರು ಮುಖ ಗಂಟು ಹಾಕಿದರು. ಮಂದಿಗೆ ಬೆಳಕು ಕೊಡುವ ಸಂಘ ಕದ್ದ ಮಾಲು ಇಟ್ಟುಕೊಂಡರೆ ಶೋಭೆಯಲ್ಲ ಎಂದರು. ಅವರ ಮಾತು ಸರಿಯಾಗಿತ್ತು, ಅದರಿಂದಲೇ ನನಗೆ ಸಿಟ್ಟು ಬಂತು.

ಕಡೆಗೆ ಸೊಲ್ಲಾಪುರ. ಅಲ್ಲಿಯ ಅಂಗಡಿಕಾರ ಸಜ್ಜನ. ನಮ್ಮ ಕಡೆಯ ಹೆಣ್ಣು ತಂದವನು, ನಮ್ಮ ಹಾಗೆಯೇ ಮಾತಾಡುತ್ತಿದ್ದ. ಧರ್ಮದ ಕೆಲಸವೆಂದು ಕೇಳಿ ಬೆಲೆ ಅರ್ಧಕ್ಕೆ ಇಳಿಸಿದ. ಒಮ್ಮೆ ಕೊಂಡರೆ ಮುಗಿಯಿತು, ವರ್ಷವರ್ಷದ ಕಾಟವಿಲ್ಲ. ಆರು ಫ್ಲಾಪಿ ಮತ್ತು ಒಂದು ದಪ್ಪ ಇಂಗ್ಲಿಷ್ ಪುಸ್ತಕ. ನಾನು ಪುಸ್ತಕವನ್ನು ಅಂಗೈಯ ಮೇಲಿಟ್ಟು ತೂಕ ನೋಡಿದೆ, ತಾಮ್ರದ ತಂತಿ ನೋಡುವ ಹಾಗೆ. ಒಂದೂಕಾಲು ಕಿಲೋಕ್ಕೆ ಕಡಿಮೆಯಿಲ್ಲ. ಮಾಲು ಗಟ್ಟಿಯೆಂದು ತೀರ್ಮಾನಿಸಿದೆ.

“ಶರಣಪ್ಪಾವ್ರ, ನಮ್ಮ ಮನಿಷ್ಯಾ ಒಬ್ಬ ಬಂದು ಕೂಡಿಸಿ ಕೊಡ್ತಾನ,” ಎಂದ ಅಂಗಡಿಕಾರ. “ಬಸ್ ಚಾರ್ಜ್ ಕೊಟ್ಟು ಊಟಾ ಹಾಕ್ರಿ, ಸಾಕು.”

“ಊಟಾ ಹಾಕಾಕ ನಮಗೇನು ಬ್ಯಾಸರಿಲ್ರಿ. ಆದ್ರ ಕೆಲಸಾ ನಾನ ಮಾಡ್ತೇನಿ. ಮೂರು ಫೇಸಿನ ಮೋಟಾರ ಒಂದ ಫೇಸಿನ ಮ್ಯಾಲ ಓಡಿಸಾಂವ ನಾ.”

ಅವನು ನನ್ನನ್ನು ಒಂದು ಗಳಿಗೆ ನೋಡಿದ. ಆಮೇಲೆ ಪೊಟ್ಟಣಕ್ಕೆ ಇನ್ನೊಂದು ಸುತ್ತು ದಾರ ಬಿಗಿದ. ಫ್ಲಾಪಿಗಳನ್ನು ಯಾವ ಕ್ರಮದಲ್ಲಿ ಹಾಕಬೇಕೆಂದು ಕನ್ನಡದಲ್ಲಿ ಒಂದು ಚೀಟಿಯನ್ನೂ ಬರೆಸಿಕೊಟ್ಟ. ಚೀಟಿಯ ಕೊನೆಯ ಸಾಲು ಹೀಗಿತ್ತು: ಇದರ ಮುಂದಿನದನ್ನು ಪುಸ್ತಕ ನೋಡಿ ಮಾಡಿರಿ.

ನಾನು ಊರಿಗೆ ಬರುವ ಹೊತ್ತಿಗೆ ಮಾಸ್ತರರ ಸೊಸೆ ಕಟ್ಟಕಡೆಯ ಹೆಸರನ್ನೂ ಇಳಿಸಿ, ಎಳ್ಳಮಾಸಿ ಹಬ್ಬಕ್ಕೆಂದು ತವರಿಗೆ ಹೋಗಿದ್ದಳು. ವಹಿಗಳು ನಮ್ಮ ಮನೆಯ ಪಡಸಾಲೆಯಲ್ಲಿ ಬಿದ್ದಿದ್ದವು. ನನ್ನ ಹೆಂಡತಿ ಕಸ್ತೂರಿ ಆ ವಾರ ಬುಟ್ಟಿಗಳಿಗೆ ಕಾಗದ ಮೆತ್ತುವ ತಯಾರಿಯಲ್ಲಿದ್ದಳು. ನಮ್ಮ ಕಡೆ ಇದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಹಳೆಯ ಕಾಗದವನ್ನು ಮೆಂತ್ಯದ ಜೊತೆ ನೆನೆಹಾಕಿ, ಒರಳಿನಲ್ಲಿ ಕುಟ್ಟಿ, ಆ ಮುದ್ದೆಯನ್ನು ಬುಟ್ಟಿಗೂ ಕೇರುವ ಮೊರಕ್ಕೂ ಮೆತ್ತಿ ಒಣಗಿಸಿದರೆ ಒಂದು ಕಾಳೂ ಸೋರದು. ಕಾಗದ ಸಾಲದೆಂದು ಅವಳು ನನ್ನ ಕಡೆ ನೋಡಿದಳು. ನಾನು ವಹಿಗಳನ್ನು ತೋರಿಸಿದೆ.

“ಇವು ಸಂಘದ್ದಲ್ಲೇನ್ರಿ?”

“ಸಂಘ ಈಗ ಕಾಗದದ ಕಾಲ ದಾಟ್ಯದ.”

“ದಾಟಲಿ. ಇನ್ನೊಂದೆರಡು ವಾರ ಇಟ್ಕೊಂಡ್ರ ಏನು ಗಂಟ ಹೋಗ್ತದ?”

ಹೆಂಗಸರಿಗೆ ತಂತ್ರಜ್ಞಾನ ತಿಳಿಯದು ಎಂಬ ಅರ್ಥದ ಒಂದು ಸಣ್ಣ ಭಾಷಣ ಮಾಡಿ, ವಹಿಗಳನ್ನು ನನ್ನ ಕೈಯಾರೆ ಹರಿದು ನೀರಿನ ಹಂಡೆಗೆ ಹಾಕಿದೆ. ಹೌದು, ನನ್ನ ಕೈಯಾರೆ. ಈ ಭಾಗವನ್ನು ಬಿಟ್ಟು ಬರೆಯಬೇಕೆಂದಿದ್ದೆ, ಕಸ್ತೂರಿ ಬಿಡಲಿಲ್ಲ.

ಡಾಕ್ಟರರು ಬರಲು ಆರು ದಿನ ಉಳಿದಿದ್ದ ಒಂದು ಬೆಳಿಗ್ಗೆ ಕೋಣೆ ಗುಡಿಸಿ, ಪೆಟ್ಟಿಗೆಗೆ ವಿಭೂತಿ ಹಚ್ಚಿ, ಮಲ್ಲಣ್ಣ ಸಾಹುಕಾರರನ್ನೂ ರುದ್ರಗೌಡರನ್ನೂ ಕರೆಸಿದೆ. ಮಾಸ್ತರರು ಯಾವುದೋ ಮದುವೆಗೆ ಹೋಗಿದ್ದರು. ಚೀಟಿಯ ಪ್ರಕಾರ ಒಂದರ ಹಿಂದೊಂದು ಆರೂ ಫ್ಲಾಪಿ ಹಾಕಿದೆ. ಎಲ್ಲವೂ ಸಲೀಸು. ಆಮೇಲೆ ಪರದೆಯ ಮೇಲೆ ಇಂಗ್ಲಿಷ್ ಬಂತು. ನನ್ನ ಇಂಗ್ಲಿಷ್ ಏನಿದ್ದರೂ ಮೋಟಾರಿನ ಹಣೆಯ ತಗಡಿನ ಮೇಲೆ ಬರೆದಿರುತ್ತದಲ್ಲ, ಅಷ್ಟು. ಅಂಕಿ ಮಾತ್ರ ಚೆನ್ನಾಗಿ ಬರುತ್ತದೆ. ಮೂವತ್ತೆರಡು ಎಂಬ ಅಂಕಿ, ಅದರ ಕೆಳಗೆ ಮೂರು ಖಾಲಿ ಮನೆ. ಪೆಟ್ಟಿಗೆಯ ನೆನಪಿನ ಶಕ್ತಿ ಮೂವತ್ತೆರಡು ಎಂದು ಅದನ್ನು ದಾನ ಕೊಟ್ಟ ಗುಲ್ಬರ್ಗಾದವರು ಹೇಳಿದ್ದು ಜ್ಞಾಪಕವಿತ್ತು. ಅಂದರೆ ಇದು ಪಾಲು ಹಂಚುವ ಮಾತು! ಪಾಲು ಹಂಚುವುದಕ್ಕೆ ಪುಸ್ತಕ ಯಾಕೆ?

ನಮ್ಮಲ್ಲಿ ಆಸ್ತಿ ಪಾಲಾಗುವಾಗ ಒಂದು ಕಟ್ಟುನಿಟ್ಟಿದೆ. ಒಂದು ಗುಂಟೆಯನ್ನೂ ಹಂಚದೆ ಬಿಡಬಾರದು. ಬಿಟ್ಟ ಜಾಗಕ್ಕೇ ನಾಳೆ ಮೊದಲ ದಾವೆ ಬೀಳುವುದು. ಹಂಚಿಕೆ ಮಾಡಿದವನು ಕಡೆಯ ಪಾಲು ತೆಗೆದುಕೊಳ್ಳಬೇಕು. ಅದರಂತೆ ಆಳಂದಕ್ಕೆ ಹನ್ನೆರಡು, ಜೇವರ್ಗಿಗೆ ಹನ್ನೆರಡು, ದೊಡ್ಡ ಮನಸ್ಸು ಮಾಡಿ ಅಫಜಲಪುರಕ್ಕೆ ಎಂಟು ಎಂದು ಬರೆದೆ. ರುದ್ರಗೌಡರು ಬೆರಳು ಮಡಚಿ ಕೂಡಿಸಿ ನೋಡಿ, ಮೂವತ್ತೆರಡಕ್ಕೆ ಬರಾಬರ್ ಆಯಿತು, ಏನೂ ಉಳಿಯಲಿಲ್ಲ ಎಂದು ಸಮಾಧಾನಪಟ್ಟರು. ಚಹಾ ತಂದ ಕಸ್ತೂರಿ ಮಾತ್ರ ನಿಂತು ನೋಡಿದಳು.

“ಮೂರು ಮಂದಿಗಿ ಎಲ್ಲಾ ಹಂಚಿ ಕುಂತ್ರಿ. ನಿಮ್ಮನ್ನೆಲ್ಲಾ ಹೊತ್ತು ನಿಂತ ಪೆಟಗಿಗಿ ಏನಿಟ್ರಿ?”

ಮೂವರೂ ನಕ್ಕೆವು. ಚಹಾ ಚೆನ್ನಾಗಿತ್ತು.

ಆಮೇಲೆ ಮಾಹಿತಿ ಇಡುವ ಜಾಗದ, ಅಂದರೆ ಪೆಟ್ಟಿಗೆಯ ಉಗ್ರಾಣದ ಪಾಲು. ಅದನ್ನೂ ಹಾಗೆಯೇ, ಚೂರೂ ಉಳಿಯದಂತೆ ಹಂಚಿದೆ. ಆಗ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಉದ್ದನೆಯ ಸಾಲು ಬಂತು. ಕೊನೆಗೆ ವೈ, ಎನ್ ಎಂಬ ಎರಡು ಅಕ್ಷರ. ಒಂದು ಹೌದು, ಒಂದು ಅಲ್ಲ. ಅಷ್ಟು ನನಗೆ ಗೊತ್ತಿತ್ತು. ಹೌದೆಂದರೆ ಏನು ಹೌದು ಎಂಬುದೇ ಗೊತ್ತಿರಲಿಲ್ಲ.

“ಏನನ್ನಾಕತ್ತದ್ರಿ ಅದು?” ಎಂದು ಮಲ್ಲಣ್ಣ ಸಾಹುಕಾರರು ಕೇಳಿದರು.

ಇಲ್ಲಿ ನನಗೊಂದು ಅವಕಾಶವಿತ್ತು. ನನಗೆ ಓದಲು ಬರುವುದಿಲ್ಲ ಎನ್ನಬಹುದಿತ್ತು. ಪುಸ್ತಕವನ್ನು ಹೈಸ್ಕೂಲಿಗೆ ಒಯ್ಯಬಹುದಿತ್ತು. ಹತ್ತು ನಿಮಿಷದ ದಾರಿ. ಆದರೆ ಇಬ್ಬರು ಪಂಚರು ನನ್ನ ಮುಖವನ್ನೇ ನೋಡುತ್ತಿದ್ದರು.

“ಎಲ್ಲಾರೂ ಒಪ್ಪೀರೇನು ಅಂತ ಕೇಳಾಕತ್ತದ,” ಎಂದೆ.

“ಒಪ್ಪೇವಿ,” ಎಂದರು ಸಾಹುಕಾರರು. ಗೌಡರೂ ತಲೆಯಾಡಿಸಿದರು. ನಾನು ವೈ ಒತ್ತಿದೆ. ಕೆಂಪು ಸಾಲು ಮತ್ತೆ ಬಂತು, ಈ ಸಲ ಇನ್ನೂ ಉದ್ದ.

“ಮತ್ತ್ಯಾಕ ಕೇಳ್ತದ?”

“ಅದು ಸಾಕ್ಷಿ ಸಲುವಾಗಿ.”

ಮತ್ತೊಮ್ಮೆ ಒತ್ತಿದೆ. ಪೆಟ್ಟಿಗೆ ಹಿಟ್ಟಿನ ಗಿರಣಿಯ ಹಾಗೆ ಗುರುಗುಟ್ಟತೊಡಗಿತು. ಎಷ್ಟೋ ಹೊತ್ತಾದ ಮೇಲೆ ಮೂರೂ ಪರದೆಗಳು ಒಮ್ಮೆಗೇ ಬೆಳಗಿದವು. ಮೂರು ಕಂಪ್ಯೂಟರ್! ಕಾಯಿ ಒಡೆದೆ. ಸಾಹುಕಾರರು ತಮ್ಮ ಪರದೆಯ ಮುಂದೆ ಕುರ್ಚಿ ಎಳೆದುಕೊಂಡು, ಅಂಗಡಿಯ ಗಾದಿಯ ಮೇಲೆ ಕೂತಂತೆ ಕೂತರು. ಗೌಡರೂ ಕೂತರು. ನಾನೂ ಕೂತೆ. ಮೂವರೂ ಒಟ್ಟಿಗೆ ಒಂದೊಂದು ಕೀಲಿ ಒತ್ತಿದೆವು.

ಆಳಂದ ಕಪ್ಪಾಯಿತು. ಜೇವರ್ಗಿ ಕಪ್ಪಾಯಿತು. ಅಫಜಲಪುರವೂ ಕಪ್ಪಾಯಿತು. ಪಾಲು ಮಾತ್ರ ಸರಿಸಮ!

ಸ್ವಿಚ್ಚು ಆರಿಸಿದೆ, ಹಾಕಿದೆ. ಮೋಟಾರಿಗೆ ಹೊಡೆಯುವ ಹಾಗೆ ಬದಿಗೆ ಮೆಲ್ಲಗೆ ಒಂದೇಟು ಕೊಟ್ಟೆ. ಏನೂ ಇಲ್ಲ. ಅಂಗಡಿಯ ಎದುರಿನ ಟೆಲಿಫೋನ್ ಬೂತಿನಿಂದ ಸೊಲ್ಲಾಪುರಕ್ಕೆ ಫೋನ್ ಹಚ್ಚಿದೆ. ಅಂಗಡಿಕಾರ ಎಲ್ಲವನ್ನೂ ಸಮಾಧಾನದಿಂದ ಕೇಳಿದ. ಮೂರಕ್ಕೂ ಅಷ್ಟೂ ಕೊಟ್ಟರೆ, ಮೂರನ್ನೂ ಹೊತ್ತು ನಡೆಸುವ ಪೆಟ್ಟಿಗೆಗೆ ಉಸಿರಾಡಲು ಏನುಳಿಯಿತು ಎಂದು ಅವನು ಕೇಳಿದ. ಈ ಪ್ರಶ್ನೆಯನ್ನು ಕಸ್ತೂರಿ ಬೆಳಿಗ್ಗೆಯೇ ಚಹಾದ ಜೊತೆ ಕೇಳಿದ್ದಳೆಂದು ನಾನು ಹೇಳಲಿಲ್ಲ. ಪೆಟ್ಟಿಗೆಯ ಪಾಲು ಬಿಟ್ಟು ಮತ್ತೆ ಹಂಚಿದರೆ ಸರಿಹೋಗುತ್ತದೆ, ನಾಳೆಯೇ ತನ್ನ ಮನುಷ್ಯನನ್ನು ಕಳಿಸುತ್ತೇನೆ ಎಂದ. ನನಗೆ ಜೀವ ಬಂತು.

“ಆದ್ರ ಮೊದಲಿದ್ದ ಮಾಹಿತಿ ಬ್ಯಾರೆ ಫ್ಲಾಪಿದಾಗ ತಕ್ಕೊಂಡೀರಲ್ರಿ?”

“ಯಾಕ್ರಿ?”

“ಉಗ್ರಾಣ ಪಾಲು ಮಾಡಿದ್ರ ಒಳಗಿದ್ದದ್ದೆಲ್ಲಾ ಅಳಿಸಿ ಹೋಗ್ತದಲ್ರಿ. ಅಳಸ್ಲೇನು ಅಂತ ಕೆಂಪ ಅಕ್ಷರದಾಗ ಎರಡು ಸಲ ಕೇಳ್ತದ.”

“ಕೇಳ್ತುರಿ.”

“ನೀವು ಏನಂದ್ರಿ?”

“ಹೂಂ ಅಂದ್ವಿ.”

“ಎರಡೂ ಸಲ?”

“ಪಂಚರ ಸಮಕ್ಷಮ,” ಎಂದೆ.

ಬೂತಿನಿಂದ ಮನೆಗೆ ನಾನು ನಡೆದು ಬಂದೆನೋ ಯಾರಾದರೂ ಹೊತ್ತು ತಂದರೋ ನೆನಪಿಲ್ಲ. ನೇರವಾಗಿ ಹಿತ್ತಲಿಗೆ ಹೋದೆ. ಆರು ಬುಟ್ಟಿ, ಎರಡು ಮೊರ ಬಿಸಿಲಿಗೆ ಕವುಚಿಟ್ಟಿದ್ದವು. ಒಂದೊಂದನ್ನೇ ತಿರುವಿ, ಕನ್ನಡಕ ಹಾಕಿಕೊಂಡು ನೋಡಿದೆ. ಬೂದು ಬಣ್ಣದ ಮೆತ್ತೆ, ಮೆಂತ್ಯದ ವಾಸನೆ. ಒಂದು ಬುಟ್ಟಿಯ ತಳದಲ್ಲಿ ಶಾಯಿಯ ಒಂದು ಗೆರೆ ಉಳಿದಿತ್ತು. ಎಡಗಣ್ಣಿನ ‘ಎ’ ಇದ್ದೀತೆಂದು ಉಗುರಿನಿಂದ ಕೆರೆದೆ. ಮೆಂತ್ಯದ ಸಿಪ್ಪೆ.

ಮಾಸ್ತರರು ಸಂಜೆ ಮದುವೆಯಿಂದ ಬಂದರು. ಎಲ್ಲವನ್ನೂ ಹೇಳಿದೆ, ಪಂಚರು ಒಪ್ಪಿದ್ದನ್ನು ಸ್ವಲ್ಪ ಒತ್ತಿ ಹೇಳಿದೆ. ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. “ಶರಣಪ್ಪ, ಓದಾಕ ಬರೂದಿಲ್ಲ ಅಂದಿದ್ರ ನಿನಗ ಯಾರು ಏನು ಅಂತಿದ್ರು?” ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟು ಜನರಲ್ಲಿ ನನಗೆ ನೆನಪಿದ್ದದ್ದು ಹನ್ನೊಂದು ಹೆಸರು. ಅದರಲ್ಲಿ ಇಬ್ಬರು ನನ್ನ ಬೀಗರು. ಯಾವ ಕಣ್ಣು ಎಂದು ಒಬ್ಬರದೂ ಗೊತ್ತಿರಲಿಲ್ಲ. ಡಾಕ್ಟರರಿಗೆ ಬರಬೇಡಿ ಎಂದು ತಿಳಿಸುವುದೇ ಮರ್ಯಾದೆ ಎಂದು ಮಾಸ್ತರರು ಎದ್ದರು. ಬಾಗಿಲಲ್ಲಿ ನಿಂತಿದ್ದ ಕಸ್ತೂರಿ ಆಗ ಬಾಯಿ ಬಿಟ್ಟಳು.

“ಮಾಸ್ತರ, ಕುಂದರ್ರಿ. ಆವತ್ತು ನಮ್ಮ ತಾಲೂಕಿನಾಗ ಕಣ್ಣು ತೋರ್ಸಾಕ ಬಂದವ್ರಿಗೆಲ್ಲಾ ಬಡಿಸಿದಾಕಿ ನಾ. ನಾ ಹೇಳ್ತೇನಿ, ಇವ್ರು ಬರ್ಕೊಳ್ಳಿ.”

ನಾನು ಹೊಸ ವಹಿ ತೆಗೆದೆ. ಅವಳು ಗೋಡೆಗೆ ಒರಗಿ ಕೂತು, ಪಂಕ್ತಿಯ ಮೊದಲ ಎಲೆಯಿಂದ ಹೊರಟಳು.

“ಕರಜಗಿ ಭೀಮರಾಯ ಕಾಕಾ. ಬಲಗಡೆ ಇಟ್ಟ ರೊಟ್ಟಿ ಕಾಣ್ತಿರಲಿಲ್ಲ, ತಡವರಿಸ್ತಿದ್ದ, ಪಲ್ಯಾ ಎಡಕ್ಕ ಹಾಕಿದೆ. ಬಲಗಣ್ಣು ಬರ್ಕೋರಿ. ಅವನ ಬಾಜೂಕ ಹವಳಗಾದ ಗುರುಬಾಯಿ. ಎಡಕ್ಕ ಇಟ್ಟ ನೀರಿನ ಚರಗಿ ಕೆಡವಿದ್ಲು. ಹೋಳಿಗಿ ಬ್ಯಾಡಂದ್ಲು, ಸಕ್ರಿ ಬ್ಯಾನಿ ಅದ ಅಂತ. ಅದನ್ನೂ ಬರ್ಕೋರಿ. ಆಮ್ಯಾಲ ಗೊಬ್ಬೂರದ ಮುದುಕಿ, ಹೆಸರು ನೆನಪಿಲ್ಲ, ಸಾರು ಮೂರು ಸಲ ಹಾಕಿಸ್ಕೊಂಡ್ಲು.”

ಮಾಸ್ತರರು ಕನ್ನಡಕ ತೆಗೆದು ಅವಳನ್ನೇ ನೋಡುತ್ತ ಕೂತುಬಿಟ್ಟರು. ನಾನು ದಂಗಾಗಿ ಎರಡು ಹೆಸರು ಬರೆಯುವುದನ್ನೇ ಮರೆತೆ. ಅವಳು ಅವನ್ನೂ ಮತ್ತೆ ಹೇಳಿದಳು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೇನೆ; ಈ ಯಂತ್ರ ಇಲ್ಲಿದೆಯೆಂದು ನನಗೆ ಗೊತ್ತೇ ಇರಲಿಲ್ಲ! ಇದಕ್ಕೆ ತಲೆಗೆ ಇಷ್ಟೆಂದು ವರ್ಷವರ್ಷ ಕೊಡಬೇಕಾಗಿದ್ದರೆ ನಾನು ಅಂಗಡಿ ಮಾರಬೇಕಿತ್ತು.

ಸುದ್ದಿ ತಿಳಿದ ಮಲ್ಲಣ್ಣ ಸಾಹುಕಾರರೂ ರುದ್ರಗೌಡರೂ ತಮ್ಮ ತಮ್ಮ ತಾಲೂಕಿನಲ್ಲಿ ಆ ದಿನ ಬಡಿಸಿದ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಓಡಿದರು. ಹೋಗುವಾಗ ನನ್ನ ಬಗ್ಗೆ ಏನಂದರು ಎಂಬುದನ್ನು ಅಚ್ಚು ಹಾಕಲಾಗದು. ನಾನು ಬಾಡಿಗೆ ಜೀಪಿಗೆ ಧ್ವನಿವರ್ಧಕ ಕಟ್ಟಿಕೊಂಡು ನಾಲ್ಕು ದಿನ ಹಳ್ಳಿ ಹಳ್ಳಿ ಸುತ್ತಿದೆ. ಕಂಪ್ಯೂಟರಿನ ಕಡೆಯಿಂದ ಬಂದಿದ್ದೇನೆ ಎಂದು ಶುರುಮಾಡಿ, ಇಂಥವರು, ಇಂಥ ಕಣ್ಣು, ಇಂಥ ದಿನ ಎಂದು ಗಂಟಲು ಹರಿಯುವಂತೆ ಕೂಗಿದೆ. ತಪ್ಪಿದ್ದರೆ ಮನೆಯವರೇ ಬಂದು ತಿದ್ದಿಸಿದರು. ಗೊಬ್ಬೂರದಲ್ಲಿ, ಸಾರು ಮೂರು ಸಲ ಹಾಕಿಸಿಕೊಂಡವಳು ಯಾರೆಂದು ಕೂಗಿ ಕೇಳಿದೆ. ಇಡೀ ಓಣಿ ಒಂದೇ ಮನೆಯತ್ತ ಕೈ ತೋರಿಸಿತು.

ಇತ್ತ ಸೊಲ್ಲಾಪುರದ ಮನುಷ್ಯ ಬಂದು, ಪೆಟ್ಟಿಗೆಗೆಂದು ಎಂಟು ಭಾಗ ತೆಗೆದಿಟ್ಟು, ಉಳಿದದ್ದನ್ನು ಎಂಟೆಂಟರಂತೆ ಮೂವರಿಗೂ ಹಂಚಿ, ನಾಲ್ಕು ರೊಟ್ಟಿ ತಿಂದು ಹೋದ. ಒಂದು ಗಂಟೆಯೂ ಹಿಡಿಯಲಿಲ್ಲ. ಆ ಸಾಫ್ಟ್‌ವೇರ್ ಮುಂದೆ ಎಷ್ಟೋ ದಿನ ಅಚ್ಚುಕಟ್ಟಾಗಿ ಓಡಿತು. ಅಂದರೆ ನಾನು ಆರಿಸಿದ ಮಾಲು ಸರಿಯಾಗಿಯೇ ಇತ್ತು. ಕೂಡಿಸಲು ಆರಿಸಿದ ಮನುಷ್ಯನಲ್ಲಿ ದೋಷವಿತ್ತು.

ಡಾಕ್ಟರರು ಹೇಳಿದ ದಿನ ಬಂದರು. ಎಲ್ಲರ ಕಣ್ಣನ್ನೂ ಮತ್ತೊಮ್ಮೆ ನೋಡಿ, ವಹಿಯ ಜೊತೆ ತಾಳೆ ಹಾಕಿದರು. ಇಬ್ಬರದು ಬಿಟ್ಟರೆ ಎಲ್ಲವೂ ಸರಿಯಿತ್ತು. ಆಪರೇಷನ್ನುಗಳು ಮುಗಿದವು. ಮರುದಿನ ಬೆಳಿಗ್ಗೆ ಶಾಲೆಯ ಪಡಸಾಲೆಯಲ್ಲಿ ಕಣ್ಣಿನ ಬಟ್ಟೆ ಬಿಚ್ಚುವ ಕೆಲಸ. ಮೊದಲ ಮಂಚ ಕರಜಗಿಯ ಭೀಮರಾಯ ಕಾಕಾನದು. ಇಷ್ಟೆಲ್ಲ ಆದ ಮೇಲೆ ಮೊದಲ ಬೆಳಕಿನಲ್ಲಿ ಅವರಿಗೆ ಕಾಣುವುದು ನನ್ನ ಮುಖವೇ ಆಗಲಿ ಎಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎದುರಿಗೇ ನಿಂತೆ.

“ಕಾಕಾ, ಏನು ಕಾಣಾಕತ್ತದ ಹೇಳ್ರಿ,” ಎಂದೆ.

ದನಿ ಕೇಳಿದ್ದೇ ಅವರ ಮುಖ ಅರಳಿತು. ನನ್ನ ತಲೆಯ ಮೇಲಿಂದ ನೋಡಿದರು, ಎಡಕ್ಕೆ ನೋಡಿದರು, ಬಲಕ್ಕೆ ಬಗ್ಗಿ ನನ್ನ ಬೆನ್ನ ಹಿಂದೆ ನೋಡಿದರು.

“ಸಾಹೇಬ್ರು ಎಲ್ಲಿದ್ದಾರ?”

“ಯಾವ ಸಾಹೇಬ್ರು?”

“ಜೀಪಿನ್ಯಾಗ ಕೂಗಿಕೋತ ಬಂದಿದ್ರಲ್ಲ, ಆ ಕಂಪ್ಯೂಟರಿನ ದೊಡ್ಡ ಸಾಹೇಬ್ರು. ಈಗರ ಮಾತಾಡಿದ್ರು.”

“ಅಂವಾ ನಾನ, ಕಾಕಾ.”

ಮುದುಕ ನನ್ನನ್ನು ಟೊಪ್ಪಿಗೆಯಿಂದ ಚಪ್ಪಲಿಯವರೆಗೆ ನಿಧಾನವಾಗಿ ನೋಡಿದರು. ಆಮೇಲೆ ಡಾಕ್ಟರರ ಕೈ ಹಿಡಿದು, ದನಿ ತಗ್ಗಿಸಿ, ಬಹಳ ಕಾಳಜಿಯಿಂದ ಕೇಳಿಕೊಂಡರು.

“ಡಾಕ್ಟರ ಸಾಹೇಬ್ರ, ನನ್ನ ಕಣ್ಣು ಇನ್ನೊಮ್ಮಿ ನೋಡ್ರಿ. ಇವ್ರು ಭಾಳ ಸಣ್ಣ ಕಾಣಾಕತ್ತಾರ.”

ಡಾಕ್ಟರರು ಬ್ಯಾಟರಿ ಹಿಡಿದು ಅವರ ಕಣ್ಣು ನೋಡಿದರು. ಒಮ್ಮೆ ನನ್ನ ಕಡೆಗೂ ನೋಡಿದರು. ನೋಡಿ, ಚೀಟಿಯಲ್ಲಿ ಬರೆದರು: ದೃಷ್ಟಿ ಸ್ಪಷ್ಟವಾಗಿದೆ.